ಮಿನಿ ಕೂಪರ್ ಎಸ್ ಎಂಜಿನ್ ಅಸಲಿಯೋ ಅಲ್ಲವೋ: ಎಲ್ಲಿ ನೋಡಬೇಕು, ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಹಾಸನದವನು, ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೇ ಮಿನಿ ಕಾರು ತಗೋಬೇಕು ಅಂತ ತುಂಬಾ ದಿನದ ಆಸೆ. ಇಲ್ಲೊಬ್ಬರು 1967ರ ಮಾರಿಸ್ ಮಿನಿ ಮಾರುತ್ತಿದ್ದಾರೆ. ಕಾರು ಮೊದಲು ಮಾಮೂಲಿ 850 ಆಗಿತ್ತಂತೆ, ಆಮೇಲೆ ಅದಕ್ಕೆ "ಅಸಲಿ ಕೂಪರ್ ಎಸ್ 1275 ಎಂಜಿನ್" ಕೂರಿಸಿದ್ದಾರಂತೆ. ಆ ಎಂಜಿನ್‌ಗಾಗಿಯೇ ಸಾಕಷ್ಟು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಬಾನೆಟ್ ತೆಗೆದು ನೋಡಿದೆ, ಎರಡು ಕಾರ್ಬೊರೇಟರ್ ಇವೆ, ಆಯಿಲ್ ಕೂಲರ್ ಇದೆ. ಇಷ್ಟು ಸಾಕಾ ಸರ್? ಎಂಜಿನ್ ಬಿಚ್ಚದೆ ಗೊತ್ತು ಮಾಡಿಕೊಳ್ಳೋಕೆ ಆಗುತ್ತಾ?

ಉತ್ತರ: ಇಷ್ಟು ಸಾಕಾಗುವುದಿಲ್ಲ. ನೀವು ನೋಡಿದ ಎರಡೂ ವಸ್ತುಗಳು ಎಂಜಿನ್ ಮೇಲೆ ಬೋಲ್ಟ್ ಹಾಕಿ ಕೂರಿಸುವಂಥವು. ಎರಡು ಕಾರ್ಬೊರೇಟರನ್ನು ಒಂದು ಶನಿವಾರ ಮಧ್ಯಾಹ್ನದೊಳಗೆ ಯಾವ ಮಿನಿಗೆ ಬೇಕಾದರೂ ಹಾಕಬಹುದು, ಆಯಿಲ್ ಕೂಲರ್ ಅಂತೂ ಇನ್ನೂ ಸುಲಭ. ಹೀಗೆ ಬಿಚ್ಚಿ ಕೂರಿಸುವಂಥದ್ದು ಯಾವುದೂ ಕೂಪರ್ ಎಸ್‌ಗೆ ಸಾಕ್ಷಿ ಅಲ್ಲ. ಅಚ್ಚಿನಲ್ಲಿ ಎರಕ ಹೊಯ್ದಾಗಲೇ ಬಂದದ್ದು, ಕಾರ್ಖಾನೆಯಲ್ಲಿ ಕೊರೆದದ್ದು, ಇವೇ ನಿಜವಾದ ಸಾಕ್ಷಿ. ಒಳ್ಳೆ ಸುದ್ದಿ ಏನಂದರೆ ಅಂಥ ಸಾಕ್ಷಿಯಲ್ಲಿ ಮುಕ್ಕಾಲು ಭಾಗವನ್ನು ಎಂಜಿನ್ ಕೆಳಗಿಳಿಸದೆ, ಒಂದು ಟಾರ್ಚು ಮತ್ತು ಒಂದು ಪುಟ್ಟ ಕನ್ನಡಿ ಹಿಡಿದು ನೋಡಬಹುದು.

ಮೊದಲು ಎಸ್ ಎಂಜಿನ್ ಯಾಕೆ ಬೇರೆ ಅನ್ನೋದು ತಿಳಿದಿರಲಿ. ಅದು ಗೊತ್ತಿದ್ದರೆ ಯಾವ ಗುರುತಿಗೆ ಎಷ್ಟು ಬೆಲೆ ಅಂತ ನಿಮಗೇ ಹೊಳೆಯುತ್ತದೆ.

ಮಿನಿಯೊಳಗಿರುವುದು ಬ್ರಿಟಿಷ್ ಮೋಟರ್ ಕಾರ್ಪೊರೇಶನ್‌ನ ಎ-ಸೀರೀಸ್ ಎಂಜಿನ್. 1951ರಲ್ಲಿ ಆಸ್ಟಿನ್ ಎ30 ಅನ್ನೋ ಪುಟ್ಟ ಕಾರಿಗೆ 803 ಸಿಸಿಯಲ್ಲಿ ಶುರುವಾದದ್ದು. 1959ರಲ್ಲಿ ಮಿನಿ ಬಂದಾಗ ಅದರಲ್ಲಿ 848 ಸಿಸಿ, 34 ಹಾರ್ಸ್‌ಪವರ್. 850 ಅಂತ ಕರೆಯೋದು ಇದನ್ನೇ, ನಿಮ್ಮ ಕಾರು ಹುಟ್ಟಿದ್ದು ಈ ಎಂಜಿನ್ ಜೊತೆ. 1961ರಲ್ಲಿ ಜಾನ್ ಕೂಪರ್ ಹೆಸರಿನ ಮಿನಿ ಬಂತು, 997 ಸಿಸಿ, 55 ಹಾರ್ಸ್‌ಪವರ್. 1964ರಲ್ಲಿ ಅದನ್ನು 998 ಸಿಸಿಗೆ ಬದಲಾಯಿಸಿದರು, ಪವರ್ ಅಷ್ಟೇ ಉಳಿಯಿತು. ಇವೆರಡೂ ಕೂಪರ್, ಆದರೆ ಎಸ್ ಅಲ್ಲ. ಜನ ಇಲ್ಲೇ ಮೊದಲು ಎಡವುತ್ತಾರೆ. "ಕೂಪರ್ ಎಂಜಿನ್" ಅಂತ ಮಾರುವವರು ಹೇಳಿದ್ದನ್ನು ಕೊಳ್ಳುವವರು "ಕೂಪರ್ ಎಸ್" ಅಂತ ಕೇಳಿಸಿಕೊಳ್ಳುತ್ತಾರೆ.

ಎಸ್ ಬಂದದ್ದು 1963ರಲ್ಲಿ. ಮೊದಲನೆಯದು 1071 ಸಿಸಿ, 70 ಹಾರ್ಸ್‌ಪವರ್. ಫಾರ್ಮುಲಾ ಜೂನಿಯರ್ ರೇಸ್ ಕಾರುಗಳಿಗೆ ಮಾಡಿದ ಕೆಲಸದಿಂದ ಹುಟ್ಟಿದ ಎಂಜಿನ್ ಅದು. ಮರುವರ್ಷ 970 ಮತ್ತು 1275 ಸಿಸಿ ಬಂದವು. 970 ಸಿಸಿಗೆ 65 ಹಾರ್ಸ್‌ಪವರ್, 1275ಕ್ಕೆ 76. ಒಂದು ಲೀಟರ್ ಕ್ಲಾಸು ಮತ್ತು 1300 ಸಿಸಿ ಕ್ಲಾಸು, ಎರಡರಲ್ಲೂ ರೇಸಿಗಿಳಿಯೋದು ಅವರ ಲೆಕ್ಕಾಚಾರ. ಮೂರಕ್ಕೂ ಬೋರ್, ಅಂದರೆ ಸಿಲಿಂಡರಿನ ಅಗಲ, ಒಂದೇ, 70.6 ಮಿ.ಮೀ. ಬದಲಾಗುವುದು ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಮಾತ್ರ: 970ಕ್ಕೆ 61.9, 1071ಕ್ಕೆ 68.3, 1275ಕ್ಕೆ 81.3 ಮಿ.ಮೀ. ಈ 1071 ಸಿಸಿಯ ಕಾರಿನಲ್ಲೇ ಪ್ಯಾಡಿ ಹಾಪ್‌ಕರ್ಕ್ 1964ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದದ್ದು. 1965ರಲ್ಲಿ ಟಿಮೋ ಮಾಕಿನೆನ್, 1967ರಲ್ಲಿ ರೌನೋ ಆಲ್ಟೊನೆನ್ ಗೆದ್ದದ್ದು 1275ರಲ್ಲಿ.

ಹಳೇ 848ರ ಬೋರು 62.9 ಮಿ.ಮೀ. ಅದೇ ಉದ್ದದ ಬ್ಲಾಕಿನಲ್ಲಿ (ಸಿಲಿಂಡರ್‌ಗಳಿರುವ ಎರಕದ ಕಬ್ಬಿಣದ ಮುಖ್ಯ ಭಾಗ) 70.6 ಮಿ.ಮೀ. ಬೋರು ಕೊರೆಯೋಕೆ ಜಾಗವೇ ಇರಲಿಲ್ಲ. ಅದಕ್ಕೆ ಅವರು ಕೊನೆಯ ಎರಡು ಸಿಲಿಂಡರ್‌ಗಳನ್ನು, ಅಂದರೆ ಒಂದು ಮತ್ತು ನಾಲ್ಕನ್ನು ಹೊರಗಡೆಗೆ ಸರಿಸಿದರು, ಎರಡು ಮತ್ತು ಮೂರನ್ನು ಹತ್ತಿರ ತಂದರು. ಅಂದರೆ ಎಸ್ ಅನ್ನೋದು 850 ಎಂಜಿನನ್ನು ಟ್ಯೂನ್ ಮಾಡಿ ಆದದ್ದಲ್ಲ, ಅದರ ಬ್ಲಾಕೇ ಬೇರೆ. ಅಷ್ಟು ದೊಡ್ಡ ಪಿಸ್ಟನ್, 9.75ರ ಕಂಪ್ರೆಶನ್, ರ‍್ಯಾಲಿಯಲ್ಲಿ ಗಂಟೆಗಟ್ಟಲೆ 6000 ಆರ್‌ಪಿಎಂ ಮೇಲೆ ಓಡಿಸೋದು, ಇದನ್ನೆಲ್ಲ ಮಾಮೂಲಿ ಕ್ರ್ಯಾಂಕ್ (ಪಿಸ್ಟನ್‌ಗಳ ಓಟವನ್ನು ತಿರುಗಾಟವಾಗಿ ಬದಲಾಯಿಸುವ ದಂಡ) ತಡೆಯುತ್ತಿರಲಿಲ್ಲ. ಬ್ಲಾಕಿನ ಮೇಲೆ ಮುಚ್ಚಳದಂತೆ ಕೂತು ವಾಲ್ವ್‌ಗಳನ್ನು ಹೊತ್ತಿರುವ ಹೆಡ್ಡೂ ಆ ಒತ್ತಡಕ್ಕೆ ಗಟ್ಟಿಯಾಗಿ ಕೂರಬೇಕಿತ್ತು. ಎಸ್ ಎಂಜಿನ್ನಿನ ಮುಖ್ಯ ಗುರುತುಗಳೆಲ್ಲ ಈ ಕಾರಣಗಳಿಂದಲೇ ಹುಟ್ಟಿದವು.

ಈಗ ಕಾರಿನ ಹತ್ತಿರ ಹೋಗಿ. ಎಂಜಿನ್ ತಣ್ಣಗಿರಲಿ.

ಮೊದಲು ಹೆಡ್ ನೋಡಿ. ಮಾಮೂಲಿ ಎ-ಸೀರೀಸ್‌ನಲ್ಲಿ ಹೆಡ್ಡನ್ನು ಬ್ಲಾಕಿಗೆ ಹಿಡಿದಿಟ್ಟುಕೊಳ್ಳುವುದು 9 ಸ್ಟಡ್, ಅಂದರೆ ಮೇಲೆ ನಟ್ ಬಿಗಿಯುವ ತಲೆಯಿಲ್ಲದ ಬೋಲ್ಟುಗಳು. ಎಸ್‌ನಲ್ಲಿ 11 ಕಡೆ ಬಿಗಿದಿರುತ್ತಾರೆ. ಜಾಸ್ತಿ ಇರುವ ಎರಡು ಹೆಡ್ಡಿನ ಎರಡು ತುದಿಗಳಲ್ಲಿವೆ: ಥರ್ಮೋಸ್ಟ್ಯಾಟ್ ಕಡೆ ಒಂದು ಬೋಲ್ಟ್, ಹೀಟರ್ ವಾಲ್ವ್ ಕಡೆ ಒಂದು ಸ್ಟಡ್. ಎರಡೂ ರಾಕರ್ ಕವರಿನ (ಹೆಡ್ ಮೇಲೆ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳ ಮುಚ್ಚಳ) ಹೊರಗೇ ಇರುವುದರಿಂದ ಕವರ್ ತೆಗೆಯದೆ ಕಾಣುತ್ತವೆ. ಅಲ್ಲಿ ಗ್ರೀಸ್ ಮೆತ್ತಿಕೊಂಡಿದ್ದರೆ ಬಟ್ಟೆಯಲ್ಲಿ ಒರೆಸಿ ನೋಡಿ. ನಟ್ ಇರಬೇಕಾದ ಜಾಗದಲ್ಲಿ ಬರೀ ಉಬ್ಬಿದ ಕಬ್ಬಿಣ ಇದ್ದು ತೂತೇ ಇಲ್ಲದಿದ್ದರೆ ಅದು 9 ಸ್ಟಡ್ಡಿನ ಹೆಡ್. ವಿಷಯ ಅಲ್ಲೇ ಮುಗಿಯಿತು, ಅದು ಎಸ್ ಕಟ್ಟಿದಂತೆ ಕಟ್ಟಿದ ಎಂಜಿನ್ ಅಲ್ಲ.

ಆದರೆ 11 ಇದ್ದ ತಕ್ಷಣ ಕುಣಿಯಬೇಡಿ. ಆ ಉಬ್ಬು ಇದೆ ಅಂದೆನಲ್ಲ, ಮುಂದೆ ಬಂದ ಸಾದಾ 1275 ಎಂಜಿನ್‌ಗಳ ಹೆಡ್ಡಿನಲ್ಲೂ ಬ್ಲಾಕಿನಲ್ಲೂ ಅದಕ್ಕೆ ಜಾಗ ಉಳಿದುಕೊಂಡಿದೆ. ಒಳ್ಳೆ ಮೆಷಿನ್ ಶಾಪ್‌ನವರು ಅಲ್ಲಿ ಕೊರೆದು ತ್ರೆಡ್ ಹಾಕಿ ಎರಡು ಜಾಸ್ತಿ ಕೂರಿಸಿಕೊಡುತ್ತಾರೆ. ಮೋಸ ಮಾಡಬೇಕು ಅಂತ ಎಲ್ಲರೂ ಹಾಗೆ ಮಾಡುವುದಿಲ್ಲ. ಟ್ಯೂನ್ ಮಾಡಿದ ಎಂಜಿನ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಪದೇ ಪದೇ ಹೋಗದಿರಲಿ ಅಂತ ಮಾಡಿಸುವುದು. ಆದರೆ ಕೈ ಬದಲಾಗುತ್ತಾ ಹೋದಂತೆ ಆ ಕಥೆ ಮರೆತುಹೋಗಿ "11 ಸ್ಟಡ್ ಇದೆ, ಹಾಗಾದ್ರೆ ಎಸ್" ಅಂತ ಆಗಿಬಿಡುತ್ತದೆ.

ಹಾಗಾಗಿ ಎರಡನೇ ಗುರುತು ಬೇಕು. ನನ್ನ ಪ್ರಕಾರ ಬಿಚ್ಚದೆ ನೋಡಬಹುದಾದ್ದರಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಮಿನಿಯಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ. ಸ್ಪಾರ್ಕ್ ಪ್ಲಗ್ ಮುಂದೆ, ಗ್ರಿಲ್ ಕಡೆ. ಕಾರ್ಬೊರೇಟರ್ ಮತ್ತು ಎಕ್ಸಾಸ್ಟ್ ಹಿಂದೆ, ನಾವು ಕೂರುವ ಕಡೆ. ಆ ಹಿಂಬದಿಯಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ, ಬ್ಲಾಕಿನ ಗೋಡೆಯನ್ನು ನೋಡಬೇಕು. ನೇರವಾಗಿ ಕಾಣೋದಿಲ್ಲ. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಕಾರ್ಬೊರೇಟರ್ ಪಕ್ಕದಿಂದ ಒಳಗೆ ತೂರಿಸಿ, ಮೇಲಿಂದ ಟಾರ್ಚ್ ಬಿಡಿ. ಇಲ್ಲವೇ ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಕೈ ಇಳಿಸಿ. ಅಲ್ಲಿ ತಗಡಿನ ಎರಡು ಮುಚ್ಚಳ ಕಾಣುತ್ತವಾ ನೋಡಿ. ಒಂದೊಂದಕ್ಕೂ ನಡುವೆ ಒಂದು ಬೋಲ್ಟ್, ಸುತ್ತ ಗ್ಯಾಸ್ಕೆಟ್, ಸಾಮಾನ್ಯವಾಗಿ ಅಂಚಿನಲ್ಲಿ ಆಯಿಲ್ ಒಸರಿದ ಕಲೆ. ಅದಕ್ಕೆ ಟ್ಯಾಪೆಟ್ ಕವರ್ ಅನ್ನುತ್ತಾರೆ. ಒಳಗೆ ವಾಲ್ವ್‌ಗಳನ್ನು ತಳ್ಳಿಕೊಡುವ ಟ್ಯಾಪೆಟ್‌ಗಳನ್ನು ತೆಗೆಯೋಕೆ ಮಾಡಿದ ಕಿಟಕಿಗಳು ಅವು.

1960ರ ದಶಕದ 848, 998 ಬ್ಲಾಕುಗಳಲ್ಲಿ ಈ ಕವರ್ ಇವೆ. ಎಸ್ ಬ್ಲಾಕಿನಲ್ಲೂ ಇವೆ. ಆದರೆ ಮಿನಿ 1275 ಜಿಟಿ, ಆಸ್ಟಿನ್ 1300, ಮುಂದೆ ಮೆಟ್ರೋ, ಇವುಗಳಲ್ಲಿ ಬಂದ ಸಾದಾ 1275 ಬ್ಲಾಕಿನ ಹಿಂಬದಿ ಗೋಡೆ ಗಟ್ಟಿ ಎರಕ, ಕಿಟಕಿ ಇಲ್ಲ. ಈಗ ಎರಡೂ ಗುರುತು ಸೇರಿಸಿ ನೋಡಿ. ಕವರ್ ಇದೆ, ಹೆಡ್ 9 ಸ್ಟಡ್ ಅಂದರೆ ಅದು ಸಣ್ಣ ಬೋರಿನ ಎಂಜಿನ್, 848 ಇರಬಹುದು, 998 ಇರಬಹುದು, 1275 ಅಂತೂ ಅಲ್ಲ. ಕವರ್ ಇಲ್ಲ, ಹೆಡ್ 11 ಅಂದರೆ ಸಾದಾ 1275ಕ್ಕೆ ಎರಡು ತೂತು ಕೊರೆಸಿದ್ದಾರೆ ಅಂತ ಬಲವಾದ ಅನುಮಾನ. ಕವರೂ ಇದೆ, 11ರ ಹೆಡ್ಡೂ ಇದೆ ಅಂದರೆ ನಿಮ್ಮ ಮುಂದಿರುವುದು ಎಸ್ ಬ್ಲಾಕ್ ಆಗಿರುವ ಸಾಧ್ಯತೆ ತುಂಬಾ ಜಾಸ್ತಿ. ಇಲ್ಲದ ಕಿಟಕಿಯನ್ನು ಎರಕದ ಕಬ್ಬಿಣದಲ್ಲಿ ಯಾರೂ ಆಮೇಲೆ ತೆಗೆದು ಕೂರಿಸುವುದಿಲ್ಲ. ಆ ಶ್ರಮಕ್ಕೆ ಅಸಲಿ ಬ್ಲಾಕನ್ನೇ ಹುಡುಕಿ ತರಬಹುದು.

ಅದೇ ಹಿಂಬದಿಯಲ್ಲಿ ಕನ್ನಡಿ ಇಟ್ಟಾಗ ಇನ್ನೊಂದು ನೋಡಿಬಿಡಿ. ಬ್ಲಾಕಿಗೇ ಬಿಗಿದ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಇದೆಯಾ? 1960ರ ದಶಕದ ಮಿನಿಗಳಲ್ಲಿ, ಎಸ್‌ನಲ್ಲೂ, ಎಲೆಕ್ಟ್ರಿಕ್ ಪಂಪ್ ಇತ್ತು, ಅದು ಎಂಜಿನ್ ಮೇಲಲ್ಲ, ಕಾರಿನ ಹಿಂಭಾಗದಲ್ಲಿ. ಬ್ಲಾಕ್ ಮೇಲೆ ಪಂಪ್ ಕೂತಿದ್ದರೆ ಅಥವಾ ಪಂಪಿನ ಜಾಗಕ್ಕೆ ತಗಡು ಹಾಕಿ ಮುಚ್ಚಿದ್ದರೆ ಅದು ಆಮೇಲಿನ ಸಾದಾ ಎಂಜಿನ್ ಅಂತಲೇ ಹಿಡಿಯಿರಿ.

ಮುಂದೆ ರಾಕರ್ ಕವರ್. ಮಾರುವವರನ್ನು ಕೇಳಿ, ಎರಡೇ ನಟ್, ಐದು ನಿಮಿಷದ ಕೆಲಸ. ಬೇಡ ಅಂದರೆ ಅದೂ ಒಂದು ಉತ್ತರವೇ. ಕವರ್ ತೆಗೆದಾಗ ಹೆಡ್ ಮೇಲೆ, ವಾಲ್ವ್ ಸ್ಪ್ರಿಂಗ್‌ಗಳ ಹತ್ತಿರ, ಉಬ್ಬಿದ ಅಕ್ಷರಗಳಲ್ಲಿ ಎರಕದ ನಂಬರ್ ಸಿಗುತ್ತದೆ. ಆಯಿಲ್ ಕೆಳಗೆ ಮುಚ್ಚಿರುತ್ತದೆ, ಬೆರಳಲ್ಲಿ ಒರೆಸಿ. ಎಇಜಿ163 ಅಂತ ಇದ್ದರೆ ಅದು ಕೂಪರ್ ಎಸ್ ಹೆಡ್. 12ಜಿ295 ಇದ್ದರೆ 998 ಕೂಪರಿನದ್ದು, 12ಎ185 ಇದ್ದರೆ 997 ಕೂಪರಿನದ್ದು. ಆ ಎರಡೂ ಒಳ್ಳೆ ಹೆಡ್‌ಗಳೇ, ಆದರೆ ಎಸ್ ಅಲ್ಲ.

ಗೊಂದಲ ಇರೋದು 12ಜಿ940 ನಂಬರಿನಲ್ಲಿ. ಸಾದಾ 1275 ಎಲ್ಲದರಲ್ಲೂ ಇದೇ ಎರಕ. ಆದರೆ ಕೊನೆಕೊನೆಯ ಎಸ್ ಎಂಜಿನ್‌ಗಳಿಗೂ ಇದೇ ಎರಕ ಬಳಸಿ ದೊಡ್ಡ ವಾಲ್ವ್ ಕೂರಿಸಿದರು. ಎಸ್‌ನ ಇನ್‌ಲೆಟ್ ವಾಲ್ವ್ 35.7 ಮಿ.ಮೀ., ಸಾದಾ ಹೆಡ್ಡಿನದ್ದು 33.3 ಮಿ.ಮೀ. ಹೆಡ್ ಇಳಿಸದೆ ಅಳೆಯೋಕೆ ಆಗುವುದಿಲ್ಲ, ಅಳೆದರೂ ನಂಬುವ ಹಾಗಿಲ್ಲ, ಯಾಕಂದರೆ 12ಜಿ940ಗೆ ದೊಡ್ಡ ವಾಲ್ವ್ ಹಾಕಿಸುವುದು ಟ್ಯೂನರ್‌ಗಳ ಮಾಮೂಲಿ ಕೆಲಸ. ಹಾಗಾಗಿ 12ಜಿ940 ಕಂಡರೆ ಅದನ್ನು ಎಸ್ ಅಂತಲೂ ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ. ತೀರ್ಮಾನ ಬ್ಲಾಕಿನ ಮೇಲೆ ಆಗಲಿ.

ಎಇಜಿ163 ಹೆಡ್ ಸಿಕ್ಕರೂ ಒಂದು ಎಚ್ಚರಿಕೆ ಇದೆ. ಅದರಲ್ಲಿ ಎಕ್ಸಾಸ್ಟ್ ವಾಲ್ವ್ ಕೂಡ ದೊಡ್ಡದು, 31 ಮಿ.ಮೀ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಸೀಟುಗಳ ನಡುವೆ ಉಳಿಯುವ ಕಬ್ಬಿಣ ತೀರಾ ತೆಳು. ಅಲ್ಲಿ ಬಿರುಕು ಬಿಡುವುದು ಈ ಹೆಡ್ಡಿನ ಹುಟ್ಟುಗುಣ. ಅಸಲಿ ಹೆಡ್ ಅಂತ ಖುಷಿಪಟ್ಟು ಜಾಸ್ತಿ ದುಡ್ಡು ಕೊಟ್ಟು ಆಮೇಲೆ ಮೆಷಿನ್ ಶಾಪ್‌ನಲ್ಲಿ ಬಿರುಕು ಕಂಡವರು ತುಂಬಾ ಜನ. ಹಿಂದೆ ಬಿರುಕು ರಿಪೇರಿ ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ.

ರಾಕರ್ ಕವರ್ ತೆಗೆದಾಗ ರಾಕರ್‌ಗಳನ್ನೂ ನೋಡಬಹುದು. ಮಾಮೂಲಿ ಎಂಜಿನ್‌ನವು ತಗಡನ್ನು ಒತ್ತಿ ಮಾಡಿದವು, ಎಸ್‌ನವು ಫೋರ್ಜ್ ಮಾಡಿದ ಗಟ್ಟಿ ತುಂಡುಗಳು, ವಾಲ್ವ್ ಸ್ಪ್ರಿಂಗ್ ಜೋಡಿ. ನೋಡಿದ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಇವೂ ಬಿಚ್ಚಿ ಹಾಕುವ ವಸ್ತುಗಳೇ ಅನ್ನೋದು ನೆನಪಿರಲಿ.

ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ವಿಷಯವೂ ಹಾಗೇ. ಎಸ್‌ಗೆ ಲ್ಯೂಕಸ್ 23ಡಿ4 ಬಂದಿತ್ತು, ಅದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲ. ಅಂದರೆ ಪಕ್ಕದಲ್ಲಿ ಆ ಗುಂಡಗಿನ ಡಬ್ಬಿ ಇರೋದಿಲ್ಲ, ಕಾರ್ಬೊರೇಟರಿನಿಂದ ಅಲ್ಲಿಗೆ ಬರುವ ಸಣ್ಣ ಪೈಪೂ ಇರೋದಿಲ್ಲ. ಮಾಮೂಲಿ ಮಿನಿಯ 25ಡಿ4ರಲ್ಲಿ ಎರಡೂ ಇರುತ್ತವೆ. ಡಬ್ಬಿ ಇದ್ದರೆ ಎಸ್ ಅಲ್ಲ ಅಂತಲ್ಲ, ಅಷ್ಟು ವರ್ಷದಲ್ಲಿ ಯಾರೋ ಬದಲಾಯಿಸಿರಬಹುದು. ಮಾರುವವರು "ಎಲ್ಲಾ ಒರಿಜಿನಲ್, ಏನೂ ಮುಟ್ಟಿಲ್ಲ" ಅಂತ ಹೇಳುತ್ತಿದ್ದು ಅಲ್ಲಿ ಡಬ್ಬಿ ಕಂಡರೆ ಆ ಮಾತಿನ ತೂಕ ಮಾತ್ರ ಗೊತ್ತಾಗುತ್ತದೆ. ಕ್ರ್ಯಾಂಕಿನ ತುದಿಯ ಪುಲ್ಲಿಯಲ್ಲಿ ರಬ್ಬರ್ ಸುತ್ತು ಇರುವ ಡ್ಯಾಂಪರ್ ಇರಬೇಕು. ಇಲ್ಲದಿದ್ದರೆ ಅನುಮಾನ ಪಡಿ, ಇದ್ದರೆ ಅದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ.

ಎರಡು ಕಾರ್ಬೊರೇಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನಿಮ್ಮ ಕಾರಿನ ಕಥೆ ಇಲ್ಲೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಎಸ್‌ಗೆ ಬಂದದ್ದು ಎರಡು ಎಸ್‌ಯು ಎಚ್‌ಎಸ್2, ತಲಾ ಒಂದೂಕಾಲು ಇಂಚಿನವು. 998 ಕೂಪರಿಗೂ ಅವೇ. ಮಿನಿ 1275 ಜಿಟಿಗೆ ಒಂದೇ, ಒಂದೂವರೆ ಇಂಚಿನ ಎಚ್‌ಎಸ್4, ಸುಮಾರು 60 ಹಾರ್ಸ್‌ಪವರ್. ಆದರೆ ಎಸ್ ಅಲ್ಲದೆಯೂ ಕಾರ್ಖಾನೆಯಿಂದಲೇ ಎರಡು ಕಾರ್ಬೊರೇಟರ್ ಹಾಕಿಕೊಂಡು ಹೊರಬಂದ 1275 ಇದೆ. ಮಿನಿಗಿಂತ ಸ್ವಲ್ಪ ದೊಡ್ಡದಾದ ಎಂಜಿ 1300, ಆಸ್ಟಿನ್ 1300 ಜಿಟಿ ಅಂತ ಕಾರುಗಳಿದ್ದವಲ್ಲ, ಅವುಗಳಲ್ಲಿ 70 ಹಾರ್ಸ್‌ಪವರಿನ ಇದೇ ಎಂಜಿನ್ ಅಡ್ಡಡ್ಡ ಕೂತಿತ್ತು. ಆ ಕಾರುಗಳ ಬಾಡಿ ತುಕ್ಕು ಹಿಡಿದು ಹೋದಾಗ ಎಂಜಿನ್ ಮಾತ್ರ ಚೆನ್ನಾಗಿ ಉಳಿಯುತ್ತಿತ್ತು. ಗುಜರಿಯಿಂದ ತಂದು 850 ಮಿನಿಗೆ ಕೂರಿಸಿದವರು ಇಂಗ್ಲೆಂಡಿನ ಉದ್ದಗಲಕ್ಕೂ ಇದ್ದಾರೆ. ಅಗ್ಗ, ಸುಲಭ, ಓಟವೂ ಚೆನ್ನ. "850 ಮಿನಿಗೆ ಎರಡು ಕಾರ್ಬೊರೇಟರಿನ 1275 ಹಾಕಿದ್ದಾರೆ" ಅಂತ ಕೇಳಿದಾಗ ಎಸ್‌ಗಿಂತ ಮೊದಲು ನನ್ನ ತಲೆಗೆ ಬರುವುದು ಇದೇ ಎಂಜಿನ್. ಟ್ಯಾಪೆಟ್ ಕವರ್ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಅದಕ್ಕೇ ಆ ಕನ್ನಡಿಯ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಬೇಡಿ. 1990ರಲ್ಲಿ ರೋವರ್ ಕಂಪನಿ ಕೂಪರ್ ಹೆಸರನ್ನು ವಾಪಸ್ ತಂದಿತು, ಆಗಲೂ 1275 ಸಿಸಿಯೇ. ಜಾನ್ ಕೂಪರ್ ಗ್ಯಾರೇಜಿನವರು ಅದಕ್ಕೆ ಎಸ್ ಅನ್ನೋ ಹೆಸರಲ್ಲಿ ಟ್ಯೂನಿಂಗ್ ಕಿಟ್ ಕೂಡ ಕೊಡುತ್ತಿದ್ದರು. ಅಂಥ ಎಂಜಿನ್ ಮಾರುವಾಗ "ಕೂಪರ್ ಎಸ್ 1275" ಅಂದರೆ ಅದು ಸುಳ್ಳೂ ಅಲ್ಲ, ನಿಮಗೆ ಬೇಕಾದ 1960ರ ದಶಕದ ಎಂಜಿನ್ನೂ ಅಲ್ಲ. ಯಾವ ಇಸವಿಯ ಎಸ್ ಅಂತ ಬಾಯಿಬಿಟ್ಟು ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಎಂಜಿನ್ ನಂಬರ್ ಬಗ್ಗೆ ಈಗ. ಬ್ಲಾಕಿನ ಮುಂಬದಿಯಲ್ಲಿ, ಡೈನಮೋ ಮೇಲ್ಭಾಗದಲ್ಲಿ, ರಿವೆಟ್ ಹೊಡೆದ ಸಣ್ಣ ಪ್ಲೇಟ್ ಇರುತ್ತದೆ. ಮಾಮೂಲಿ 848 ಆದರೆ ನಂಬರ್ 8ರಿಂದ ಶುರು, 8ಎ ಅಥವಾ 8ಎಎಂ ಅಂತ. 1960ರ ದಶಕದ 1275 ಎಸ್ ಆದರೆ 9ಎಫ್-ಎಸ್‌ಎ-ವೈ, 970 ಆದರೆ ಕೊನೆಯ ಅಕ್ಷರ ಎಕ್ಸ್. ಆಮೇಲಿನ 1275ಗಳಿಗೆ 12ಎಚ್ ಅಂತ ಬಂತು, ಎಸ್‌ಗೂ ಜಿಟಿಗೂ ಎರಡಕ್ಕೂ, ಹಾಗಾಗಿ ಬರೀ 12ಎಚ್ ನೋಡಿ ಎಸ್ ಅಂತ ನಿರ್ಧರಿಸಬೇಡಿ. 99ಎಚ್ ಅಂತ ಇದ್ದರೆ ಅದು 998 ಸಿಸಿಯದ್ದು, 1275 ಅಲ್ಲ.

ಈ ಪ್ಲೇಟ್ ಹೊಸದಾಗಿ ಮಾಡಿಸಿದ್ದೂ ಮಾರುಕಟ್ಟೆಯಲ್ಲಿ ಸಿಗುತ್ತದೆ, ನಂಬರ್ ಬೇಕಾದ ಹಾಗೆ ಹೊಡೆಸಬಹುದು. ಪ್ಲೇಟ್ ಫಳಫಳ ಹೊಳೆಯುತ್ತಿದೆ, ರಿವೆಟ್ ಹೊಸದು, ಬ್ಲಾಕಿನ ಪೇಂಟ್ ಮಾತ್ರ ಹಳೇದು ಅಂದರೆ ನಿಲ್ಲಿ. ಪ್ಲೇಟೇ ಇಲ್ಲದೆ ಎರಡು ಖಾಲಿ ತೂತು ಇದ್ದರೆ ಅದು ಮೋಸ ಅಂತ ಅಲ್ಲ, ಎಷ್ಟೋ ಎಂಜಿನ್‌ಗಳಲ್ಲಿ ಸರ್ವಿಸ್ ಮಾಡುವಾಗ ಕಿತ್ತುಹೋಗಿವೆ. ಆದರೆ ಅಂಥದ್ದಕ್ಕೆ "ನಂಬರ್ ಸಮೇತ ಅಸಲಿ" ಅನ್ನೋ ಬೆಲೆ ಕೊಡಬೇಕಾಗಿಲ್ಲ. ಪ್ಲೇಟಿನ ನಂಬರನ್ನು ಕಾರಿನ ವಿ5ಸಿ, ಅಂದರೆ ನೋಂದಣಿ ಪುಸ್ತಕದ ಜೊತೆ ಹೋಲಿಸಿ. ಅದರಲ್ಲಿ ಎಂಜಿನ್ ನಂಬರೂ ಸಿಸಿಯೂ ಇರುತ್ತವೆ. ಪುಸ್ತಕದಲ್ಲಿ ಇನ್ನೂ 848 ಅಂತಲೇ ಇದ್ದರೆ ಎಂಜಿನ್ ಬದಲಾಯಿಸಿದ್ದನ್ನು ಯಾರೂ ತಿಳಿಸಿಲ್ಲ ಅಂತ ಅರ್ಥ, ಇನ್ಶೂರೆನ್ಸ್ ತಗೊಳ್ಳುವ ಮೊದಲು ಅದನ್ನು ಸರಿಮಾಡಿಸಬೇಕು. ಕೊವೆಂಟ್ರಿಯಿಂದ ಗೇಡನ್ ಹತ್ತಿರವೇ ಇದೆ ನಿಮಗೆ. ಅಲ್ಲಿನ ಬ್ರಿಟಿಷ್ ಮೋಟರ್ ಮ್ಯೂಸಿಯಂನವರು ಹಳೇ ಕಾರ್ಖಾನೆ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ಹೊರಬಂದಾಗ ಅದರಲ್ಲಿ ಯಾವ ನಂಬರಿನ ಎಂಜಿನ್ ಇತ್ತು ಅಂತ ಅದರಲ್ಲಿರುತ್ತದೆ. ನಿಮ್ಮ ಕಾರು ಹುಟ್ಟಾ 850 ಆದ್ದರಿಂದ ಅದು ಈಗಿನ ಎಂಜಿನ್ ಬಗ್ಗೆ ಏನೂ ಹೇಳದು, ಆದರೆ ಮುಂದೆ ಯಾವತ್ತಾದರೂ ಪೂರ್ತಿ ಎಸ್ ಕಾರೇ ಕೊಳ್ಳುವಾಗ ಆ ಕಾಗದವಿಲ್ಲದೆ ಮಾತಿಗೂ ಇಳಿಯಬೇಡಿ.

ಕೊನೆಯದು ಕ್ರ್ಯಾಂಕ್. ಎಸ್‌ನ ಜೀವ ಇರುವುದು ಇದರಲ್ಲೇ. ಇಎನ್40ಬಿ ಅನ್ನೋ ಉಕ್ಕಿನಿಂದ ಫೋರ್ಜ್ ಮಾಡಿ, ಆಮೇಲೆ ನೈಟ್ರೈಡಿಂಗ್ ಮಾಡಿದ ಕ್ರ್ಯಾಂಕ್. ಅಂದರೆ ಅಮೋನಿಯಾ ಗ್ಯಾಸಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಮೇಲ್ಮೈಯನ್ನು ಗಡಸು ಮಾಡುವುದು. ಸಣ್ಣ ಬೋರಿನ ಎಂಜಿನ್‌ಗಳಲ್ಲಿ ಮೇನ್ ಬೇರಿಂಗ್ ಜರ್ನಲ್ (ಬ್ಲಾಕಿನ ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕಿನ ಭಾಗ) 1.75 ಇಂಚು, ಎಸ್‌ನದ್ದು 2 ಇಂಚು. ಸಾದಾ 1275ರದ್ದೂ 2 ಇಂಚೇ. ಹಾಗಾದರೆ ಅವೆರಡನ್ನು ಬೇರೆ ಮಾಡೋದು ಹೇಗೆ? ಬಿಗ್ ಎಂಡ್, ಅಂದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಜಾಗ ಅಳೆದು. ಎಸ್ ಕ್ರ್ಯಾಂಕಿನ ಬಿಗ್ ಎಂಡ್ ಜರ್ನಲ್ 1.625 ಇಂಚು, ಸಾದಾ 1275ರದ್ದು 1.75 ಇಂಚು. ಎಸ್ ಅಂದರೆ ದೊಡ್ಡದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ, ಆದರೆ ಇಲ್ಲಿ ಸಾದಾ ಎಂಜಿನಿನದ್ದೇ ದಪ್ಪ. ಉಕ್ಕು ಅಷ್ಟು ಗಟ್ಟಿ ಇದ್ದದ್ದರಿಂದ ಎಸ್‌ಗೆ ಸಣ್ಣ ಜರ್ನಲ್ ಸಾಕಾಯಿತು. ಆಮೇಲಿನ ಸಾದಾ ಕ್ರ್ಯಾಂಕಿನಲ್ಲಿ ಉಕ್ಕು ಅಗ್ಗದ್ದು, ಗಾತ್ರದಲ್ಲಿ ಅದನ್ನು ಸರಿದೂಗಿಸಿದರು. ಕೊನೆಯ ಕೆಲವು ವರ್ಷ ಎಸ್‌ನಲ್ಲೂ ಇಎನ್40ಬಿ ಬಿಟ್ಟು ಬೇರೆ ಉಕ್ಕು ಬಳಸಿದರು.

ಇದನ್ನು ನೋಡೋಕೆ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿದರಾಯ್ತು ಅಂದುಕೊಳ್ಳಬೇಡಿ. ಮಿನಿಯಲ್ಲಿ ಸಂಪ್ ಇರುವ ಜಾಗದಲ್ಲಿ ಗೇರ್‌ಬಾಕ್ಸೇ ಇದೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಎಂಜಿನ್ ಪೂರ್ತಿ ಹೊರಗೆ ತೆಗೆದು ಗೇರ್‌ಬಾಕ್ಸಿನಿಂದ ಬೇರೆ ಮಾಡಿದರೆ ಮಾತ್ರ ಕ್ರ್ಯಾಂಕ್ ಕಾಣುತ್ತದೆ. ಕೊಳ್ಳುವ ಮೊದಲು ಯಾರೂ ಒಪ್ಪುವುದಿಲ್ಲ. ಅದಕ್ಕೆ ಕಾಗದ ಕೇಳಿ. ಎಂಜಿನ್ ಕಟ್ಟಿದ ಬಿಲ್ ಇದೆಯಾ? ಬೇರಿಂಗ್ ಯಾವ ಸೈಜಿನದ್ದು ಹಾಕಿದ್ದಾರೆ ಅಂತ ಬಿಲ್ಲಿನಲ್ಲಿ ಬರೆದಿರುತ್ತದೆ. ಕ್ರ್ಯಾಂಕ್ ಗ್ರೈಂಡ್ ಮಾಡಿದ ಮೆಷಿನ್ ಶಾಪ್‌ನವರು ಜರ್ನಲ್ ಅಳತೆಯನ್ನು ಬರೆದೇ ಕೊಡುತ್ತಾರೆ. 1.625 ಅಥವಾ ಅದಕ್ಕಿಂತ ಹತ್ತಿಪ್ಪತ್ತು ಥೌ (ಇಂಚಿನ ಸಾವಿರದ ಒಂದು ಭಾಗ) ಕಡಿಮೆ ಇದ್ದರೆ ಎಸ್ ಕ್ರ್ಯಾಂಕ್. 1.75ರ ಆಸುಪಾಸು ಇದ್ದರೆ ಅಲ್ಲ. ಸ್ಪಾರ್ಕ್ ಪ್ಲಗ್ ತೂತಿನಿಂದ ಪೆನ್ಸಿಲ್ ಇಳಿಬಿಟ್ಟು ಸ್ಟ್ರೋಕ್ ಅಳೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಈ ಹೆಡ್ಡಿನಲ್ಲಿ ಪ್ಲಗ್ ಓರೆಯಾಗಿ ಕೂತಿದೆ, ಅಳತೆ ಸರಿಯಾಗಿ ಬರುವುದಿಲ್ಲ. ಬಂದರೂ 1071ರ ಸ್ಟ್ರೋಕೂ 848ರ ಸ್ಟ್ರೋಕೂ ಒಂದೇ, 1275 ಎಸ್‌ದೂ ಸಾದಾ 1275ದೂ ಒಂದೇ. ಬೋರ್ ಅಳತೆಯೂ ಸಹಾಯ ಮಾಡದು, ಇವುಗಳನ್ನು 73.5 ಮಿ.ಮೀ.ವರೆಗೆ ಬೋರ್ ಮಾಡಿಸಿ 1380 ಸಿಸಿ ಮಾಡಿಕೊಂಡವರು ಬೇಕಾದಷ್ಟಿದ್ದಾರೆ.

ಈಗ ದುಡ್ಡಿನ ಮಾತು. ಬ್ಲಾಕ್ ಎಸ್, ಹೆಡ್ ಎಸ್, ಕ್ರ್ಯಾಂಕ್ ಎಸ್ ಅಂತ ಬಿಲ್ಲು, ಈ ಮೂರೂ ಕೂಡಿಬಂದರೆ ಅವರು ಕೇಳುವ ಜಾಸ್ತಿ ದುಡ್ಡಿಗೆ ಅರ್ಥವಿದೆ, ಯಾಕಂದರೆ ಅಸಲಿ ಎಸ್ ಕಾರು ಇಟ್ಟುಕೊಂಡು ಎಂಜಿನ್ ಕಳಕೊಂಡವರು ಇದನ್ನು ಹುಡುಕಿಕೊಂಡು ಬರುತ್ತಾರೆ. ಬ್ಲಾಕ್ ಮಾತ್ರ ಎಸ್ ಆಗಿ ಒಳಗೆ ಸಾದಾ ಸಾಮಾನಿದ್ದರೆ ಬ್ಲಾಕಿನ ಬೆಲೆ ಕೊಡಿ, ಪೂರ್ತಿ ಎಂಜಿನ್ನಿನ ಬೆಲೆ ಬೇಡ. ಸಾದಾ 1275 ಅಂತ ಗೊತ್ತಾದರೆ ಬೇಸರ ಮಾಡಿಕೊಳ್ಳಬೇಡಿ. ಅದು ಕೆಟ್ಟ ಎಂಜಿನ್ ಅಲ್ಲವೇ ಅಲ್ಲ. ಒಳ್ಳೆ ಹೆಡ್, ಒಳ್ಳೆ ಕ್ಯಾಮ್ ಹಾಕಿದ ಸಾದಾ 1275 ರಸ್ತೆಯಲ್ಲಿ ಅಸಲಿ ಎಸ್‌ಗೆ ಸರಿಸಮ ಓಡುತ್ತದೆ, ಬಿಡಿಭಾಗ ಸುಲಭ, ಕೆಟ್ಟರೆ ಎದೆ ಒಡೆಯುವುದಿಲ್ಲ. ಓಡಿಸೋಕೆ ಅಂತಲೇ ಕಾರು ತಗೊಳ್ಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ಬೆಲೆ ಮಾತ್ರ ಸಾದಾ ಎಂಜಿನಿನದ್ದೇ ಇರಬೇಕು.

ಎಂಜಿನ್ ಯಾವುದೇ ಆಗಲಿ, ಒಂದು ವಿಷಯದಲ್ಲಿ ರಾಜಿ ಬೇಡ. ನಿಮ್ಮ ಕಾರು ಹುಟ್ಟಿದ್ದು 34 ಹಾರ್ಸ್‌ಪವರಿಗೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಸ್ ಕಾರಿಗೆ ಮುಂದೆ ಏಳೂವರೆ ಇಂಚಿನ ಡಿಸ್ಕ್ ಮತ್ತು ಸರ್ವೋ ಕೊಟ್ಟಿದ್ದರು, ಸುಮ್ನೆ ಅಲ್ಲ. ಎಂಜಿನ್ ಬದಲಾಯಿಸಿದವರು ಬ್ರೇಕ್ ಬದಲಾಯಿಸಿದ್ದಾರಾ ನೋಡಿ. ಮುಂದಿನ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟರೆ ಡಿಸ್ಕ್ ಇದೆಯೋ ಡ್ರಮ್ ಇದೆಯೋ ಕಾಣುತ್ತದೆ. ಇನ್ನೂ ಡ್ರಮ್ ಇದ್ದರೆ ಡಿಸ್ಕ್ ಹಾಕಿಸುವ ಖರ್ಚನ್ನು ಅವರು ಹೇಳುವ ಬೆಲೆಯಲ್ಲಿ ಕಳೆಯಿರಿ. ಡಿಸ್ಕ್ ಹಾಕಿಸುವವರೆಗೆ ಆ ಕಾರನ್ನು ಓಡಿಸಿಕೊಂಡು ಮನೆಗೆ ಬರಬೇಡಿ, ಟ್ರೇಲರ್ ಮೇಲೆ ತನ್ನಿ.

ನೋಡೋಕೆ ಹೋದಾಗ ನಾಲ್ಕು ಫೋಟೋ ತೆಗೆದು ಕಳಿಸಿ: ಹೆಡ್ಡಿನ ಎರಡು ತುದಿಯದ್ದು ಒಂದೊಂದು, ಕನ್ನಡಿಯಲ್ಲಿ ಕಂಡ ಬ್ಲಾಕಿನ ಹಿಂಬದಿ, ರಾಕರ್ ಕವರ್ ಕೆಳಗಿನ ಎರಕದ ನಂಬರ್. ಎಂಜಿನ್ ಕಟ್ಟಿದ ಬಿಲ್ ಸಿಕ್ಕರೆ ಅದರದ್ದೂ ಇರಲಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.